ಕಾಗದವಿಲ್ಲದ ಕಾಯಿಲಮ್ಮ

ಹಾಜರಿ ಕಚೇರಿಯ ಹೊರಗೋಡೆಗೆ ಹೊಸ ದರ್ಜೆಪಟ್ಟಿ ಅಂಟಿಸಿದ ಬೆಳಿಗ್ಗೆ ಕಾಯಿಲಮ್ಮ ಅದರ ಮುಂದೆ ನಿಂತು ತನ್ನ ಸಾಲನ್ನು ಮೂರು ಸಲ ಓದಿದಳು. ಮೂರು ಸಲವೂ ಅದು ಅದೇ ಮಾತು ಹೇಳಿತು: ಮೋಟಾರು ವಿಭಾಗ, ಸಹಾಯಕಿ, ಕುಶಲರಹಿತ.

ಅವಳ ಮೇಲಿನ ಸಾಲಿನಲ್ಲಿದ್ದ ಹುಡುಗ ಎರಡು ವರ್ಷದ ಹಿಂದೆ ಸೇರಿದವನು. ತಾಮ್ರದ ತಂತಿಯ ಮೇಲೆ ಮೆರುಗಿನ ಪದರವಿರುತ್ತದೆ, ಜೋಡಿಸುವ ಮೊದಲು ಅದನ್ನು ಕೆರೆಯಬೇಕು ಎಂಬುದೂ ಗೊತ್ತಿಲ್ಲದೆ ಬಂದವನು. ಕೆರೆಯುವುದನ್ನು ಅವನಿಗೆ ಕಲಿಸಿದವಳು ಇವಳು. ಪಟ್ಟಿಯಲ್ಲಿ ಅವನು ಕುಶಲ. ಅದಕ್ಕೂ ಮೇಲೆ ವಿಭಾಗದ ಮೇಲ್ವಿಚಾರಕ, ಅತಿಕುಶಲ. ಅವನೂ ಒಂಬತ್ತು ವರ್ಷದ ಹಿಂದೆ ಇವಳ ಪಕ್ಕದ ಸ್ಟೂಲಿನಲ್ಲಿ ಕೂತು ಬೆರಳು ಕುಯ್ದುಕೊಳ್ಳುತ್ತಾ ಕಲಿತವನೇ. ಅಂಗಿಯ ಜೇಬಿನಲ್ಲಿ ಸದಾ ಮೂರು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವನಿಗೆ ಪೆನ್ನಪ್ಪ ಎಂದು ಹೆಸರು ಬಿದ್ದಿತ್ತು.

ಹಿಂದೆ ನಿಂತವರು ಯಾರೋ "ಏನಾಯ್ತು ಕಾಯಿಲಮ್ಮ?" ಎಂದು ಕೇಳಿದರು.

"ಏನೂ ಆಗಿಲ್ಲ. ಇಪ್ಪತ್ತೇಳು ವರ್ಷದಿಂದ ಏನೂ ಆಗಿಲ್ಲ. ಅದೇ ಓದ್ತಾ ಇದ್ದೆ" ಎಂದು ಅವಳು ದಾರಿ ಬಿಟ್ಟಳು.

ಅದು ಕಾಗದದ ಕಾರ್ಖಾನೆ. ಮರದ ಚೂರು, ಹಳೆಯ ರಟ್ಟು ಎಲ್ಲ ಬೇಯಿಸಿ, ಅರೆದು, ಉರುಳೆಗಳ ಮೇಲೆ ಹಾಯಿಸಿ ಹಾಳೆ ಮಾಡುವ ಜಾಗ. ಅರೆಯುವುದಕ್ಕೊಂದು, ನೀರೆತ್ತುವುದಕ್ಕೊಂದು, ಉರುಳೆ ತಿರುಗಿಸುವುದಕ್ಕೊಂದು ಎಂದು ಇನ್ನೂರಕ್ಕೂ ಹೆಚ್ಚು ಮೋಟಾರುಗಳು. ತೇವಕ್ಕೋ, ಭಾರಕ್ಕೋ ವಾರಕ್ಕೆ ಎರಡು ಮೂರಾದರೂ ಸುಟ್ಟುಕೊಂಡು ಈ ವಿಭಾಗಕ್ಕೆ ಬರುತ್ತಿದ್ದವು. ಸುಟ್ಟ ತಂತಿಯನ್ನು ಕಿತ್ತು, ಒಳಗಿನ ಸೀಳುಗಳನ್ನು ಉಜ್ಜಿ, ಹೊಸ ತಂತಿಯ ಸುರುಳಿ ಸುತ್ತಿ ಕೂರಿಸಿ, ವಾರ್ನಿಷ್ ಕುಡಿಸಿ, ಒಲೆಯಲ್ಲಿ ಒಣಗಿಸಿ ಮತ್ತೆ ಜೀವ ತರಬೇಕು. ಆ ಸುರುಳಿಗೆ ಕಾರ್ಖಾನೆಯಲ್ಲಿ ಕಾಯಿಲ್ ಎನ್ನುತ್ತಿದ್ದರು. ಕಾಯಿಲ್ ಸುತ್ತುವವಳು ಕಾಯಿಲಮ್ಮ. ಹೊಸಬರು ಅದನ್ನು ಕಾಯಿಲೆಯಮ್ಮ ಎಂದು ಕೇಳಿಸಿಕೊಂಡು ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದರು. "ಹೂಂ, ಕಾಯಿಲೆಯಮ್ಮಾನೇ. ಕಾಯಿಲೆ ಮೋಟಾರಿಗೆ, ನನಗಲ್ಲ" ಎಂದು ಅವಳು ನಗುತ್ತಿದ್ದಳು.

ಅವಳು ಓದಿದ್ದು ಆರನೇ ತರಗತಿ. ಮನೆಯಲ್ಲಿ ಒಬ್ಬರನ್ನು ಮಾತ್ರ ಓದಿಸುವ ಶಕ್ತಿ ಇದ್ದಾಗ ಅಪ್ಪ ಅಣ್ಣನನ್ನು ಆರಿಸಿದ. ಅಣ್ಣ ಹತ್ತನೇ ತರಗತಿಯನ್ನು ಮೂರು ಸಲ ಬರೆದು, ಮೂರೂ ಸಲ ಪ್ರಶ್ನೆಪತ್ರಿಕೆಯನ್ನೇ ಬೈದು ಮನೆಗೆ ಬಂದ. ಇಪ್ಪತ್ತೆರಡರಲ್ಲಿ ಅವಳು ಕಸ ಗುಡಿಸುವ ಕೆಲಸಕ್ಕೆ ಕಾರ್ಖಾನೆ ಸೇರಿದಳು. ಮೋಟಾರು ವಿಭಾಗದಲ್ಲಿ ಆಗ ಒಬ್ಬ ಹಿರಿಯ ಮೇಸ್ತ್ರಿ ಇದ್ದ. ಕೈ ಚಿನ್ನ, ಕಣ್ಣು ಮಂಜು. ತಂತಿಯ ಸುತ್ತು ಎಣಿಸಲು ಅವನಿಗೆ ಇನ್ನೊಂದು ಜೊತೆ ಕಣ್ಣು ಬೇಕಿತ್ತು. ಗುಡಿಸುತ್ತಿದ್ದ ಇವಳನ್ನು ಕರೆದು, "ನಿನಗೆ ಎಣಿಸೋಕೆ ಬರುತ್ತೇನಮ್ಮಾ?" ಎಂದ. ಬರುತ್ತದೆ ಎಂದಳು. ಐದು ವರ್ಷ ಕಣ್ಣಾಗಿದ್ದವಳು ಆರನೇ ವರ್ಷ ಕೈಯೂ ಆದಳು. ತಂತಿ ಎಷ್ಟು ದಪ್ಪ ಎಂದು ಅಳತೆಪಟ್ಟಿ ಇಲ್ಲದೆ ಬೆರಳ ತುದಿಯಲ್ಲಿ ಉಜ್ಜಿ ಹೇಳುವಳು. ಸುಟ್ಟ ಮೋಟಾರಿನ ಮುಚ್ಚಳ ತೆಗೆದೊಡನೆ, ಕೆಲವು ಸುರುಳಿ ಕರಿಕಲಾಗಿ, ನಡುನಡುವೆ ಕೆಲವು ಹೊಸದರಂತೆ ಇದ್ದರೆ, "ಮೂರು ತಂತಿಯಲ್ಲಿ ಒಂದರ ಕರೆಂಟು ಹೋಗಿದೆ. ಮೋಟಾರಿನ ತಪ್ಪಲ್ಲ, ಮೊದಲು ಹೋಗಿ ಸ್ವಿಚ್ಚು ನೋಡಿ" ಎನ್ನುವಳು. ಮೇಸ್ತ್ರಿ ನಿವೃತ್ತನಾದ ಮೇಲೆ ಅವನ ಸ್ಟೂಲಿನಲ್ಲಿ ಇವಳು ಕೂತಳು. ಸ್ಟೂಲು ಕೊಟ್ಟರು. ಹುದ್ದೆ ಕೊಡಲಿಲ್ಲ.

ಆಮೇಲೆ ವರ್ಷವರ್ಷವೂ ತರಬೇತಿ ಸಂಸ್ಥೆಯಿಂದ ಆರಾರು ಮಕ್ಕಳು ಬಂದರು. ಬಂದವರೆಲ್ಲ ಅವಳ ಬಳಿ ಕಲಿತು, ಪ್ರಮಾಣಪತ್ರ ಹಿಡಿದು ಹೋದರು. ಕೆಲವರು ಇಲ್ಲೇ ಸೇರಿ ಅವಳಿಗಿಂತ ಮೇಲಾದರು. ಅವಳು ಅದನ್ನು ನುಂಗಿಕೊಂಡಿದ್ದಳು. ಗೋಡೆಯ ಮೇಲೆ ಅಚ್ಚಾಗಿ ಕಾಣುವವರೆಗೆ ನುಂಗುವುದು ಸುಲಭ.

ಅಂದು ಊಟದ ವಿರಾಮದಲ್ಲಿ ಅವಳು ನೇರ ತರಬೇತಿ ಅಧಿಕಾರಿಯ ಕೋಣೆಗೆ ಹೋದಳು. ಅವನ ಕುರ್ಚಿಯ ಹಿಂದೆ ದೊಡ್ಡ ಚಿತ್ರಪಟ: ನಗುವ ಮುಖಗಳು, ಕೆಳಗೆ "ಮಾನವ ಬಂಡವಾಳವೇ ನಮ್ಮ ನಿಜವಾದ ಬಂಡವಾಳ" ಎಂಬ ಬರಹ. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ನಯ.

"ಸಾರ್, ಕುಶಲರಹಿತ ಅಂದ್ರೆ ಏನ್ ಸಾರ್?"

"ಅದು ಬರೀ ವರ್ಗೀಕರಣ ಅಮ್ಮ. ಮನಸ್ಸಿಗೆ ಹಚ್ಕೋಬೇಡಿ. ಪ್ರಮಾಣಪತ್ರ ಇಲ್ಲದೆ ಇರೋರನ್ನ ಹಾಗೆ ತೋರಿಸ್ಬೇಕು."

"ಸರಿ, ಪ್ರಮಾಣಪತ್ರ ತಗೋತೀನಿ. ಏನ್ ಮಾಡ್ಬೇಕು?"

ಅವನು ಕಡತ ತೆರೆದ. "ಆರು ತಿಂಗಳ ಕೋರ್ಸು. ಹತ್ತನೇ ತರಗತಿ ಪಾಸಾಗಿರ್ಬೇಕು. ವಯಸ್ಸು ಮೂವತ್ತೈದರ ಒಳಗೆ…" ಅಷ್ಟಕ್ಕೆ ನಿಲ್ಲಿಸಿ ಅವಳ ನರೆಗೂದಲಿನ ಕಡೆ ನೋಡಿದ.

"ನನಗೆ ನಲವತ್ತೊಂಬತ್ತು. ಹೋಗ್ಲಿ ಬಿಡಿ. ಆ ಕೋರ್ಸಲ್ಲಿ ಕೈಕೆಲಸ ಯಾರು ಕಲಿಸ್ತಾರೆ?"

ಅಧಿಕಾರಿ ಹಾಳೆ ಮಗುಚಿದ. ಅಲ್ಲಿ ಬರೆದಿದ್ದನ್ನು ಓದಿ, ಇನ್ನೊಮ್ಮೆ ಓದಿ, ಮೆಲ್ಲಗೆ ಹೇಳಿದ: "ನಮ್ಮ ಮೋಟಾರು ವಿಭಾಗದಲ್ಲೇ."

"ಮೋಟಾರು ವಿಭಾಗದಲ್ಲಿ ಯಾರು?"

"ದಾಖಲೆ ಪ್ರಕಾರ ಮೇಲ್ವಿಚಾರಕರು."

"ದಾಖಲೆ ಬಿಡಿ ಸಾರ್, ನೀವೇ ನೋಡಿದೀರಲ್ಲ. ನಾನು ಕಲಿಸೋ ಕೋರ್ಸಿಗೆ ಸೇರೋ ಯೋಗ್ಯತೆ ನನಗಿಲ್ಲ. ಹಾಗಲ್ವಾ?"

ಮೇಜಿನ ಮೇಲೆ ತೆರೆದೇ ಇದ್ದ ಕಡತದ ಕೆಳತುದಿಯಲ್ಲಿ ಇನ್ನೊಂದು ಸಾಲು ಅವಳ ಕಣ್ಣಿಗೆ ಬಿತ್ತು: ಪ್ರತಿ ಅಭ್ಯರ್ಥಿಯ ತರಬೇತಿಗಾಗಿ ಸರ್ಕಾರದಿಂದ ಕಾರ್ಖಾನೆಗೆ ಸಂದಾಯವಾಗುವ ಮೊತ್ತ. ಆರನೇ ತರಗತಿ ಓದಿದವಳಿಗೆ ಅಷ್ಟು ಓದಲು ಬರುತ್ತಿತ್ತು. ಇಷ್ಟು ವರ್ಷ ಅವಳು ಕಲಿಸಿದ್ದಕ್ಕೆ ಬೆಲೆ ಇಲ್ಲದೆ ಇರಲಿಲ್ಲ. ಬೆಲೆ ಇತ್ತು, ಬರುತ್ತಲೂ ಇತ್ತು. ಬೇರೆಯವರ ಕೈಗೆ.

ಅವಳಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. "ಸಹಾಯಕಿ ಅಂದ್ರೆ ಏನೇನ್ ಕೆಲಸ ಅಂತ ಬರೆದಿದೆ ಸಾರ್? ಅದೊಂದು ಓದಿಬಿಡಿ" ಎಂದಳು.

ಮಾತು ಬೇರೆ ಕಡೆ ತಿರುಗಿತಲ್ಲ ಎಂಬ ಸಮಾಧಾನದಲ್ಲಿ ಅಧಿಕಾರಿ ಓದಿದ: ನೆಲ ಮತ್ತು ಮೇಜು ಸ್ವಚ್ಛಗೊಳಿಸುವುದು, ಸಾಮಾನು ಎತ್ತಿಕೊಡುವುದು, ತ್ಯಾಜ್ಯ ಸಾಗಿಸುವುದು.

"ಅಷ್ಟೇನಾ?"

"ಅಷ್ಟೇ."

"ಸಂತೋಷ" ಎಂದು ಕಾಯಿಲಮ್ಮ ಎದ್ದಳು.

ಮರುದಿನದಿಂದ ಅವಳು ಗುಡಿಸಿದಳು. ಮೇಜಿನ ಕೆಳಗೆ, ಒಲೆಯ ಹಿಂದೆ, ವರ್ಷಗಳಿಂದ ಯಾರೂ ಕೈ ಹಾಕದ ಸಂದುಗಳಲ್ಲಿ ಗುಡಿಸಿದಳು. ಕಿಟಕಿ ಒರೆಸಿದಳು. ವಿಭಾಗ ಕನ್ನಡಿಯಂತಾಯಿತು, ಸುಟ್ಟ ಮೋಟಾರುಗಳು ಮಾತ್ರ ಬಾಗಿಲವರೆಗೆ ಸಾಲುಗಟ್ಟಿದವು. ತಂತಿ ಕೇಳಿದರೆ ಎತ್ತಿಕೊಟ್ಟಳು. ಎಷ್ಟು ಸುತ್ತು ಎಂದು ಕೇಳಿದರೆ, "ಅದು ಕುಶಲರ ಕೆಲಸ ಕಣಪ್ಪ, ನನಗೆಲ್ಲಿ ಗೊತ್ತಾಗ್ಬೇಕು" ಎಂದಳು.

ನಾಲ್ಕನೇ ದಿನ ಪೆನ್ನಪ್ಪನೇ ಕುಶಲರನ್ನು ಕೂರಿಸಿಕೊಂಡು ಒಂದು ಪಂಪಿನ ಮೋಟಾರು ಸುತ್ತಿಸಿದ. ಅವನು ಕಲಿತಿದ್ದ, ನಿಜ. ಆದರೆ ಮೇಲ್ವಿಚಾರಕನಾದ ಮೇಲೆ ಕೈಗೆ ಪೆನ್ನಿನ ಹೊರತು ಬೇರೇನೂ ಹತ್ತಿರಲಿಲ್ಲ. ಒಂದು ಗುಂಪಿನ ಸುರುಳಿಗಳ ತುದಿ ತಿರುಗುಮುರುಗಾಗಿ ಸೇರಿದವು. ಕಸದ ಡಬ್ಬಿ ಹಿಡಿದು ಹಾದುಹೋಗುವಾಗ ಕಾಯಿಲಮ್ಮ ಅದನ್ನು ಕಂಡಳು. ನಾಲಿಗೆ ತುದಿಗೆ ಬಂದ ಮಾತನ್ನು ಹಲ್ಲಿನಲ್ಲಿ ಹಿಡಿದುಕೊಂಡು ಮುಂದೆ ಹೋದಳು. ಮೂರನೇ ದಿನ ಸಂಜೆ ಪರೀಕ್ಷೆಗೆ ಕರೆಂಟು ಕೊಟ್ಟಾಗ ಮೋಟಾರು ತಿರುಗುವ ಬದಲು ಗುರ್ರೆಂದು ನಡುಗಿತು, ಹೊಗೆ ಉಗುಳಿತು. ಮೂರು ದಿನದ ಕೆಲಸ ಒಂದು ನಿಮಿಷದಲ್ಲಿ ಕರಿಕಲಾಯಿತು.

ಪೆನ್ನಪ್ಪ ಅವಳನ್ನು ವಾರ್ನಿಷ್ ಕೋಣೆಗೆ ಕರೆದುಕೊಂಡು ಹೋಗಿ ಕೈ ಮುಗಿದ. "ಅಮ್ಮ, ನನ್ನ ಮೇಲೆ ಯಾಕೆ ಸೇಡು? ಪಟ್ಟಿ ನಾನು ಮಾಡಿದ್ದಾ?"

"ಪಟ್ಟಿ ನೀನು ಮಾಡ್ಲಿಲ್ಲ. ಆದ್ರೆ ತರಬೇತಿ ಕೊಟ್ಟವರು ಅನ್ನೋ ಕಡೆ ಆರು ವರ್ಷದಿಂದ ಸಹಿ ಹಾಕಿದ್ದು ಯಾರು? ಮೂರು ಪೆನ್ನಲ್ಲಿ ಯಾವ ಪೆನ್ನು ಅದು? ತೋರ್ಸು, ನೋಡ್ತೀನಿ."

ಅವನ ಮುಖ ಬಾಡಿತು. "ಹಾಕು ಅಂದ್ರು, ಹಾಕಿದೆ" ಎಂದ.

"ಹೂಂ. ಗುಡಿಸು ಅಂದ್ರು, ಗುಡಿಸ್ತಾ ಇದೀನಿ."

ಆದರೆ ಅವಳ ಹಟಕ್ಕೆ ಮನೆಯೊಳಗೇ ಮುಳ್ಳು ಕಾದಿತ್ತು. ಆ ವರ್ಷ ಸಂಸ್ಥೆಯಿಂದ ಬರಬೇಕಿದ್ದ ಆರು ಮಂದಿಯಲ್ಲಿ ಒಬ್ಬಳು ಅವಳ ಮಗಳು. ಮಗಳು ಹತ್ತನೇ ತರಗತಿ ಮುಗಿಸಿ, ಅಮ್ಮನ ಕೆಲಸವನ್ನೇ ಅಮ್ಮನಿಗಿಲ್ಲದ ಕಾಗದದೊಂದಿಗೆ ಮಾಡುತ್ತೇನೆಂದು ತಾನೇ ಆರಿಸಿಕೊಂಡಿದ್ದಳು. ತಂಡ ಬಂದ ಮೊದಲ ದಿನ ಆರೂ ಮಕ್ಕಳು ಮೇಜಿನ ಸುತ್ತ ನಿಂತರು. ಪೆನ್ನಪ್ಪ ಗೋಡೆಯ ನಕ್ಷೆ ತೋರಿಸಿ ಏನೋ ಹೇಳಿದ. ಕಾಯಿಲಮ್ಮ ಅವರ ಕಾಲಬುಡದಲ್ಲಿ ಗುಡಿಸುತ್ತಾ ಬಂದಳು. ಮಗಳ ಕಾಲು ಸರಿಯಲಿಲ್ಲ. ತಲೆ ಎತ್ತಿದರೆ ಮಗಳ ಕಣ್ಣಲ್ಲಿ ನೀರು ತುಂಬಿತ್ತು, ಅವಮಾನದ್ದೋ ಸಿಟ್ಟಿನದೋ ತಿಳಿಯಲಿಲ್ಲ.

ಸಂಜೆ ಮನೆಯಲ್ಲಿ ಅದು ಒಡೆಯಿತು.

"ನಿನ್ನ ಕೋಪಕ್ಕೆ ನನ್ನ ಓದು ಬಲಿನಾ ಅಮ್ಮಾ? ಆರು ತಿಂಗಳು ಆ ನಕ್ಷೆ ನೋಡ್ಕೊಂಡು ನಿಂತ್ಕೊಳ್ಲಾ?"

"ನಿನಗೆ ಮನೇಲಿ ಕಲಿಸ್ತೀನಿ ಕಣೇ. ಅಲ್ಲಿ ಮಾತ್ರ ಒಂದು ಸುತ್ತೂ ಕಲಿಸಲ್ಲ."

"ನನಗೆ ಕಲಿಸ್ತೀಯ. ಉಳಿದ ಐದು ಜನ? ಅವ್ರೂ ಫೀಸು ಕಟ್ಟಿದಾರೆ. ಅವರ ಅಮ್ಮಂದಿರಿಗೆ ಕಾಯಿಲ್ ಸುತ್ತೋಕೆ ಬರಲ್ಲವಲ್ಲ!"

ಕಾಯಿಲಮ್ಮನ ಗಂಡ ದರ್ಜಿ. ಮೂಲೆಯಲ್ಲಿ ಹೊಲಿಗೆಯಂತ್ರದ ಮುಂದೆ ಕೂತಿದ್ದವನು ಕಾಲು ನಿಲ್ಲಿಸಿ, "ನೋಡೇ, ಸಿಟ್ಟು ಬಂದಾಗ ಕತ್ತರಿ ಹಿಡೀಬಾರ್ದು ಅಂತ ನಮ್ಮ ಕಸುಬಲ್ಲಿ ಒಂದು ಮಾತಿದೆ" ಎಂದ.

"ನಿಮ್ಮ ಕಸುಬಲ್ಲಿ ಬಟ್ಟೆ ಹೊಲಿದೋರನ್ನ ದರ್ಜಿ ಅಂತಾನಾದ್ರೂ ಕರೀತಾರಲ್ರೀ!" ಎಂದು ಅವಳು ಸಿಡಿದಳು. ಯಂತ್ರ ಮತ್ತೆ ಓಡತೊಡಗಿತು.

ಆದರೆ ಐದು ಮಕ್ಕಳ ಮಾತು ಅವಳ ಎದೆಗೆ ಚುಚ್ಚಿತ್ತು. ತನ್ನನ್ನು ಶಾಲೆ ಬಿಡಿಸಿದ ದಿನ ಅವಳಿಗೆ ನೆನಪಿತ್ತು. ಕಲಿಸಬಹುದಾದವರು ಕಲಿಸದೆ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತವರಿಗೆ ಏನೆನಿಸುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೋಪ ಕಾರ್ಖಾನೆಯ ಮೇಲೆ, ಪೆಟ್ಟು ಮಕ್ಕಳ ಮೇಲೆ. ಇದು ಸರಿಯಲ್ಲ ಎಂದು ತಿಳಿಯಿತು, ಕೋಪ ಮಾತ್ರ ಒಂದು ಗುಂಜಿಯೂ ಇಳಿಯಲಿಲ್ಲ.

ಊಟದ ತಟ್ಟೆ ತೊಳೆದಿಟ್ಟು ಬಂದು ಹೇಳಿದಳು: "ಭಾನುವಾರ ಐದೂ ಜನಾನ ಮನೆಗೆ ಕರ್ಕೊಂಡ್ ಬಾ."

ಭಾನುವಾರ ಬಂದರು. ದರ್ಜಿಯ ಯಂತ್ರ ಅಡುಗೆಮನೆಗೆ ಸರಿಯಿತು. ಮುಂಗೋಣೆಯ ನೆಲದ ಮೇಲೆ ಗುಜರಿಯಿಂದ ತಂದ ಎರಡು ಸುಟ್ಟ ಮೋಟಾರು, ಹಳೆಯ ಫ್ಯಾನು, ಒಂದು ಕಟ್ಟು ತಂತಿ. "ಮೊದಲು ಮೂಸಿ ನೋಡಿ" ಎಂದಳು. ಮಕ್ಕಳು ಮುಖ ಮುಖ ನೋಡಿಕೊಂಡರು. "ನಾಚ್ಕೋಬೇಡಿ, ಮೂಗು ಹತ್ರ ಹಿಡೀರಿ. ವೈದ್ಯರು ನಾಡಿ ಹಿಡಿಯಲ್ವಾ? ಇದು ಹಾಗೆ." ಎಷ್ಟು ಸುತ್ತು, ಯಾವ ಸೀಳಿನಿಂದ ಯಾವ ಸೀಳಿಗೆ, ಯಾವ ತುದಿ ಯಾವ ತುದಿಗೆ ಎಂದು ಕೀಳುವ ಮೊದಲೇ ಬರೆದಿಟ್ಟುಕೊಳ್ಳಬೇಕೆಂದು ಕಲಿಸಿದಳು. "ಕಿತ್ತ ಮೇಲೆ ಅತ್ತರೆ ಮೋಟಾರು ಬಾಯಿ ಬಿಡಲ್ಲ" ಎಂದಳು. ಭಾನುವಾರ ಸಾಲದೆ ಬುಧವಾರ ಸಂಜೆಯೂ ಬಂದರು. ಕಾರ್ಖಾನೆಯಲ್ಲಿ ಆ ಮಕ್ಕಳು ನಕ್ಷೆ ನೋಡುತ್ತಾ ನಿಂತರು, ಅವಳು ಗುಡಿಸಿದಳು. ಪರಸ್ಪರ ಗುರುತೇ ಇಲ್ಲದವರಂತೆ ಇದ್ದರು. ಮಗಳಿಗೆ ಅದೊಂದು ಆಟವೇ ಆಗಿಬಿಟ್ಟಿತು. "ಸ್ವಲ್ಪ ಕಾಲು ಎತ್ತಮ್ಮಾ" ಎಂದು ಕಾಯಿಲಮ್ಮ ಅಂದರೆ, "ಕ್ಷಮಿಸಿ ಆಂಟೀ" ಎನ್ನುತ್ತಿದ್ದಳು.

ಇತ್ತ ಕಾರ್ಖಾನೆ ಮೋಟಾರುಗಳನ್ನು ಪೇಟೆಯ ಅಂಗಡಿಗಳಿಗೆ ಕಳಿಸತೊಡಗಿತು. ಅವು ತಡವಾಗಿ ಬಂದವು, ಬಂದಷ್ಟು ಬೇಗ ಮತ್ತೆ ಸುಟ್ಟವು. ಮೂರನೇ ತಿಂಗಳು ವ್ಯವಸ್ಥಾಪಕರೇ ಅವಳನ್ನು ಕರೆಸಿದರು. ತರಬೇತಿ ಅಧಿಕಾರಿ ಪಕ್ಕದಲ್ಲಿ ನಿಂತಿದ್ದ.

"ನಿಮ್ಮ ಸೇವೆ ಗಮನಿಸಿ ವಿಶೇಷ ಪ್ರಕರಣ ಅಂತ ತಗೊಂಡಿದೀವಿ ಅಮ್ಮ. ನಿಮ್ಮನ್ನ ಅರೆಕುಶಲ ದರ್ಜೆಗೆ ಏರಿಸ್ತೀವಿ."

ಕಾಯಿಲಮ್ಮ ಎರಡೂ ಕೈಗಳನ್ನು ಅವರ ಮೇಜಿನ ಮೇಲೆ ಮುಂದಕ್ಕೆ ಚಾಚಿಟ್ಟಳು. ತಂತಿ ಕುಯ್ದ ಗೆರೆಗಳು, ವಾರ್ನಿಷ್ ಹಿಡಿದು ಹಳದಿಯಾದ ಉಗುರುಗಳು.

"ಯಾವ ಅರ್ಧ ಸಾರ್?"

"ಅಂದ್ರೆ?"

"ಅರೆ ಅಂದ್ರಲ್ಲ. ಎಡಗೈನಾ, ಬಲಗೈನಾ? ಕುಶಲ ಇರೋ ಕೈ ಯಾವುದು ಅಂತ ಹೇಳಿ, ಅದರಲ್ಲಿ ನಿಮ್ಮ ಕೆಲಸ ಮಾಡ್ತೀನಿ. ಇನ್ನೊಂದರಲ್ಲಿ ಗುಡಿಸ್ತೀನಿ."

ವ್ಯವಸ್ಥಾಪಕರಿಗೆ ಕೋಪ ಬಂತು. "ಮಾತಿನ ಮೇಲೆ ಹಿಡಿತ ಇರ್ಲಿ. ನಿಯಮ ಅಂತ ಒಂದಿದೆ."

"ಇದೆ ಸಾರ್. ನಿಯಮದ ಪ್ರಕಾರಾನೇ ಗುಡಿಸ್ತಾ ಇದೀನಿ. ಮೂರು ತಿಂಗಳಿಂದ ನಿಯಮ ಬಿಟ್ಟು ಒಂದು ಕಡ್ಡಿ ಎತ್ತಿಟ್ಟಿಲ್ಲ. ಇಪ್ಪತ್ತೇಳು ವರ್ಷ ನಿಯಮ ಮುರಿದು ನಿಮ್ಮ ಮೋಟಾರು ಓಡಿಸಿದೆನಲ್ಲ, ಅವತ್ತು ಯಾರೂ ನಿಯಮ ತೋರಿಸ್ಲಿಲ್ಲ."

ಹೊರಗೆ ಬಂದು ನೀರಿನ ನಲ್ಲಿಯ ಬಳಿ ಮುಖ ತೊಳೆದಳು. ಕೆಲಸ ಹೋದರೆ ಏನು ಗತಿ ಎಂಬ ಯೋಚನೆ ಆಗ ಬಂತು. ಬಂದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ.

ಆರು ತಿಂಗಳು ತುಂಬಿದಾಗ ಹೊರಗಿನಿಂದ ಪರೀಕ್ಷಕರು ಬಂದರು. ಒಣಕಲು ಮನುಷ್ಯ, ನಗು ಕಡಿಮೆ, ನಮೂನೆಯ ಒಂದು ಚೌಕ ಖಾಲಿ ಇದ್ದರೂ ಊಟ ಸೇರದವರು. ಆರೂ ಮಕ್ಕಳು ಒಂದೊಂದು ಸಣ್ಣ ಮೋಟಾರು ಸುತ್ತಿದರು. ಆರೂ ತಿರುಗಿದವು, ಒಂದೂ ಗುರ್ರೆನ್ನಲಿಲ್ಲ. ಪೆನ್ನಪ್ಪನ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಭಯ. ಪರೀಕ್ಷಕರು ಮಗಳ ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿದರು: "ಸುರುಳಿ ಕಟ್ಟೋ ಈ ಗಂಟು ಪುಸ್ತಕದಲ್ಲಿ ಇಲ್ಲ. ಎಲ್ಲಿ ಕಲಿತೆ?"

ಹುಡುಗಿ ಪೆನ್ನಪ್ಪನ ಕಡೆ ನೋಡಿ ಹೇಳಿದಳು: "ಕಾಯಿಲಮ್ಮನ ಮನೇಲಿ ಸಾರ್. ಇಲ್ಲಿ ನಮಗೆ ಯಾರೂ ಕಲಿಸ್ಲಿಲ್ಲ."

ಉಳಿದವರನ್ನು ಕೇಳಿದರು. ಆರೂ ಜನ ಅದನ್ನೇ ಹೇಳಿದರು. ಪರೀಕ್ಷಕರು ಯಾರ ಪಕ್ಷವನ್ನೂ ವಹಿಸಲಿಲ್ಲ, ಯಾರಿಗೂ ಬುದ್ಧಿ ಹೇಳಲಿಲ್ಲ. ತಮ್ಮ ನಮೂನೆಯಲ್ಲಿ ತರಬೇತಿ ನಡೆದ ಸ್ಥಳ ಎಂಬಲ್ಲಿ ಕಾಯಿಲಮ್ಮನ ಬೀದಿ, ಮನೆ ಸಂಖ್ಯೆ ಬರೆದುಕೊಂಡರು. ತರಬೇತಿ ನೀಡಿದವರು ಎಂಬಲ್ಲಿ ಅವಳ ಹೆಸರು ಬರೆದರು. ಪಕ್ಕದಲ್ಲಿ ಅವಳ ದರ್ಜೆ ಕೇಳಿ, ಅದನ್ನೂ ಹಾಗೇ ಬರೆದರು: ಕುಶಲರಹಿತ.

ಆ ಒಂದು ಹಾಳೆ ಮಾಡಿದ ಕೆಲಸವನ್ನು ಆರು ತಿಂಗಳ ಕಸಪೊರಕೆ ಮಾಡಿರಲಿಲ್ಲ. ಕೊಡದ ತರಬೇತಿಗೆ ಕಾರ್ಖಾನೆ ಹಣ ಪಡೆದದ್ದು ಹೇಗೆ ಎಂದು ಮೇಲಿನಿಂದ ಪತ್ರ ಬಂತು. ಹಿಂದಿನ ವರ್ಷಗಳಲ್ಲಿ ಕಲಿಸಿದವರು ಯಾರು ಎಂದು ಇನ್ನೊಂದು ಪತ್ರ. ಕಾಗದ ಮಾಡಿ ಮಾರುವ ಕಾರ್ಖಾನೆ ಕಾಗದಕ್ಕೆ ಹೆದರಿತು. ಎರಡು ತಿಂಗಳೊಳಗೆ ಹೊಸ ಸುತ್ತೋಲೆ ಹೊರಟಿತು: ಪ್ರಮಾಣಪತ್ರವಿಲ್ಲದೆ ಕಸುಬು ಬಲ್ಲವರು ಕೈಕೆಲಸದ ಪರೀಕ್ಷೆ ಕೊಟ್ಟು ದರ್ಜೆ ಪಡೆಯಬಹುದು, ವಯಸ್ಸಿನ, ಓದಿನ ತಡೆಯಿಲ್ಲ.

ಪರೀಕ್ಷೆಯ ದಿನ ತಾನೊಬ್ಬಳೇ ಇರುತ್ತೇನೆಂದು ಕಾಯಿಲಮ್ಮ ಹೋದಳು. ಹೋದರೆ ಹನ್ನೊಂದು ಮಂದಿ ಸಾಲಿನಲ್ಲಿ ನಿಂತಿದ್ದರು. ಬಾಯ್ಲರಿನ ಸದ್ದು ಕೇಳಿಯೇ ಒತ್ತಡ ಹೇಳುವ ಮುದುಕ. ಉರುಳೆಗಳ ಬೇರಿಂಗು ಬದಲಿಸುವ ಇಬ್ಬರು ಅಣ್ಣತಮ್ಮಂದಿರು. ಒದ್ದೆ ಹಾಳೆಯನ್ನು ಬೆರಳಲ್ಲಿ ಮುಟ್ಟಿ ತೂಕ ಹೇಳುವ ಹೆಂಗಸು, ಅವಳನ್ನಂತೂ ಕಾಯಿಲಮ್ಮ ಇಪ್ಪತ್ತು ವರ್ಷದಿಂದ ಬರೀ ಕಸ ಎತ್ತುವವಳೆಂದೇ ತಿಳಿದಿದ್ದಳು. ಎಲ್ಲರೂ ಕುಶಲರಹಿತರು. ತನ್ನೊಬ್ಬಳಿಗೆ ಆಗಿದ್ದು ಎಂದುಕೊಂಡಿದ್ದಾಗ ಇದ್ದ ಕೋಪ, ಆ ಸಾಲು ನೋಡಿದ ಮೇಲೆ ಹನ್ನೆರಡು ಪಟ್ಟಾಯಿತು.

ಹನ್ನೆರಡು ಮಂದಿಯೂ ಪಾಸಾದರು. ಕಾಯಿಲಮ್ಮನ ಪತ್ರದಲ್ಲಿ "ಈ ದಿನದಿಂದ ಜಾರಿಗೆ ಬರುವಂತೆ, ಅತಿಕುಶಲ" ಎಂದಿತ್ತು. ಪೆನ್ನಪ್ಪನೇ ತಂದುಕೊಟ್ಟ, ಕೈಗೆ ಕೊಡುವಾಗ ತಲೆ ತಗ್ಗಿಸಿದ್ದ. ಅವನನ್ನು ಬೈಯುವ ಮನಸ್ಸು ಅವಳಿಗೆ ಆಗಲೇ ಹೋಗಿತ್ತು. ಸ್ಟೂಲಿನ ಧೂಳು ಕೊಡವಿ ಕೂತು, ಬಾಗಿಲ ಬಳಿ ಮೊದಲು ನಿಂತಿದ್ದ ಮೋಟಾರಿನ ಮುಚ್ಚಳ ಬಿಚ್ಚಿಸಿದಳು.

ಮನೆಯಲ್ಲಿ ಗಂಡ ಪತ್ರ ಓದಿ, "ಇನ್ನಾದ್ರೂ ಕೋಪ ಬಿಡು ಮಾರಾಯ್ತಿ, ಗೆದ್ದೆಯಲ್ಲ" ಎಂದ.

"ಈ ದಿನದಿಂದ ಅಂತೆ. ಹಾಗಾದ್ರೆ ನಿನ್ನೆವರೆಗೆ ಆ ಮೋಟಾರು ಸುತ್ತಿದ್ದು ಯಾರ್ರೀ? ನನ್ನ ದೆವ್ವಾನಾ?"

ಹಳೆಯ ವರ್ಷಗಳ ಸಂಬಳದ ವ್ಯತ್ಯಾಸ ಕೊಡಬೇಕೆಂದು ಅವಳು ಅರ್ಜಿ ಬರೆಯಲು ಕೂತಳು. ಮಗಳು ಮೇಲ್ಗಡೆ "ವಿನಂತಿ" ಎಂದು ಬರೆದಳು. ಅಮ್ಮ ಅದನ್ನು ಹೊಡೆದುಹಾಕಿ "ಬೇಡಿಕೆ" ಎಂದು ಬರೆದಳು. ಕೆಳಗೆ ಹನ್ನೆರಡು ಮಂದಿಯ ಸಹಿ, ಅದರಲ್ಲಿ ನಾಲ್ಕು ಹೆಬ್ಬೆಟ್ಟು. ಕಾರ್ಖಾನೆ ತಿರಸ್ಕರಿಸಿತು. ಅವರು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಅಲ್ಲಿ ವಿಚಾರಣೆ ಇನ್ನೂ ನಡೆದೇ ಇದೆ, ತಾರೀಖು ಬಿದ್ದಾಗಲೆಲ್ಲ ಹನ್ನೆರಡೂ ಜನ ಬುತ್ತಿ ಕಟ್ಟಿಕೊಂಡು ಹೋಗಿ ಕೂರುತ್ತಾರೆ. ಮುಂದಿನ ತಂಡಗಳಿಗೆ ಕಾಯಿಲಮ್ಮ ಕಾರ್ಖಾನೆಯಲ್ಲೇ ಕಲಿಸುತ್ತಿದ್ದಾಳೆ. ತರಬೇತಿ ಕೊಟ್ಟವರ ಸಹಿ ತನ್ನದೇ ಆಗಿರಬೇಕು, ಕಲಿಸಿದ ಗಂಟೆಗಳಿಗೆ ಬೇರೆ ಸಂಬಳ ಕೊಡಬೇಕು ಎಂದು ಬರೆಸಿಕೊಂಡ ಮೇಲೆಯೇ ಒಪ್ಪಿದಳು.

ಮಗಳಿಗೆ ಊರ ನೀರು ಸರಬರಾಜಿನ ಪಂಪುಮನೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದ ಚೀಟಿ ತಂದು ಅಮ್ಮನ ಕೈಗಿಟ್ಟಳು. ಕಾಯಿಲಮ್ಮ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಇಪ್ಪತ್ತೇಳು ವರ್ಷದ ಕೊನೆಯಲ್ಲಿ ಕುಶಲರಹಿತಳಾಗಿ ತಾನು ಪಡೆಯುತ್ತಿದ್ದುದಕ್ಕಿಂತ ಮಗಳ ಮೊದಲ ತಿಂಗಳಿನದು ಹೆಚ್ಚಿತ್ತು. ಮಗಳನ್ನು ಎಳೆದು ತಬ್ಬಿಕೊಂಡಳು. ತಬ್ಬಿಕೊಂಡಲ್ಲೇ ಹಲ್ಲು ಕಡಿದಳು.

"ಯಾಕಮ್ಮಾ, ಸಂತೋಷ ಆಗ್ಲಿಲ್ವಾ?"

"ಆಯ್ತು ಕಣೇ, ತುಂಬಾ ಆಯ್ತು. ಹೊಟ್ಟೇನೂ ಉರೀತಾ ಇದೆ. ನಿನ್ನ ಮೇಲಲ್ಲ." ಚೀಟಿ ಮಡಿಸಿ ಮಗಳಿಗೆ ಕೊಟ್ಟು, ಸೆರಗಲ್ಲಿ ಮುಖ ಒರೆಸಿಕೊಂಡಳು. "ಗುರುವಾರ ವಿಚಾರಣೆ ಇದೆ. ರಜ ಸಿಕ್ಕಿದ್ರೆ ನೀನೂ ಬಾ. ಹೆಬ್ಬೆಟ್ಟಿನೋರು ನಾಲ್ಕು ಜನಕ್ಕೆ ಅವರು ಓದೋದೆಲ್ಲ ಬಿಡಿಸಿ ಹೇಳೋಕೆ ಒಬ್ಬರು ಬೇಕು."